ಹೋಮ್‌ಸ್ಟೇಗೆ ಜಪಾನಿ ಮೆನು ಕಾರ್ಡ್: ಮುದ್ರಣ ಚೆನ್ನ, ಪದಗಳು ಎಡವಟ್ಟು

ಮಡಿಕೇರಿ ಸುತ್ತಿನ ಹೋಮ್‌ಸ್ಟೇಗಳಿಗೆ ಜಪಾನಿ ಮೆನು ಕಾರ್ಡ್ ಮಾಡಿಕೊಡುವ ಈ ಸೇವೆಯ ಮುದ್ರಣಕ್ಕೆ ಹೆಸರಿಡುವ ಹಾಗಿಲ್ಲ. ಅಕ್ಷರ ಸ್ಪಷ್ಟ, ಮಳೆಗಾಲದ ತೇವಕ್ಕೂ ಲ್ಯಾಮಿನೇಶನ್ ಬಿಟ್ಟಿಲ್ಲ. ತೊಂದರೆ ಇರುವುದು ಪದಗಳಲ್ಲಿ.

ಅನ್ನಕ್ಕೆ ‘ಕೊಮೆ’ ಎಂದು ಹಾಕಿದ್ದಾರೆ. ಕೊಮೆ ಎಂದರೆ ಅಕ್ಕಿ, ಬೇಯಿಸದ್ದು. ಇಂಗ್ಲಿಷಿನ ‘ರೈಸ್’ ಮೂಲಕ ಹೋದದ್ದರ ಫಲ ಇದು. ಕನ್ನಡದಿಂದ ನೇರ ಹೋಗಿದ್ದರೆ ತಪ್ಪುವ ಪ್ರಶ್ನೆಯೇ ಇರಲಿಲ್ಲ: ಗದ್ದೆಯ ಪೈರು ‘ಇನೆ’, ಹೊಟ್ಟಿರುವ ಭತ್ತ ‘ಮೊಮಿ’, ಅಕ್ಕಿ ‘ಕೊಮೆ’, ಅನ್ನ ‘ಗೊಹಾನ್’. ಭತ್ತ ಬೆಳೆಯುವವರ ಭಾಷೆ ಎರಡೂ. ಗೊಹಾನ್‌ಗೆ ಊಟ ಎಂಬ ಅರ್ಥವೂ ಇದೆ. ‘ಮೆಶಿ’ಗೂ ಅದೇ ಅರ್ಥ, ಆದರೆ ಒರಟು ಮಾತು, ಅತಿಥಿಗಳ ಮುಂದೆ ಬೇಡ.

‘ಮೀಲ್ಸ್’ಗೆ ‘ಶೊಕುಜಿ’ ಎಂದಿದೆ. ಅದು ಬರೀ ಊಟ ಎಂಬ ಮಾತು, ತಟ್ಟೆಗೆ ಏನೇನು ಬರುತ್ತದೆ ಎಂದು ತಿಳಿಸುವುದಿಲ್ಲ. ಅನ್ನ, ಸಾರು, ಮುಖ್ಯ ಪದಾರ್ಥ, ಉಪ್ಪಿನಕಾಯಿ ಸೇರಿ ಒಂದೇ ಬೆಲೆಗೆ ಕೊಡುವುದು ‘ತೇಶೊಕು’. ಅನ್ನ ಮತ್ತೆ ಬಡಿಸುತ್ತೀರಾದರೆ ಪಕ್ಕದಲ್ಲಿ ‘ಒಕಾವರಿ ಜಿಯೂ’ ಸೇರಿಸಿ. ಇವರು ಹಾಕಿರುವ ‘ತಾಬೆಹೋದಾಯ್’ ಬಫೆಯ ಪದ. ಓದಿದವರು ಪಂದಿ ಕರಿಯನ್ನೂ (ಕೊಡಗಿನ ಹಂದಿಮಾಂಸದ ಅಡುಗೆ) ಬೇಕಾದಷ್ಟು ಹಾಕಿಸಿಕೊಳ್ಳಬಹುದು ಎಂದೇ ತಿಳಿಯುತ್ತಾರೆ.

ಪಂದಿ ಕರಿಗೆ ‘ಕರೇ’ ಎಂದದ್ದು ದೊಡ್ಡ ತಪ್ಪು. ಜಪಾನಿನಲ್ಲಿ ಕರೇ ಎಂದರೆ ಗೋಧಿಹಿಟ್ಟು ಹಾಕಿ ಮಂದ ಮಾಡಿ, ಅನ್ನದ ಮೇಲೆ ಸುರಿಯುವ, ಸ್ವಲ್ಪ ಸಿಹಿ ಸೇರಿದ ಗೊಜ್ಜು. ಕಚಂಪುಳಿಯಿಂದ (ಕೊಡಗಿನ ಕಪ್ಪು ಹುಳಿರಸ) ಕಪ್ಪಗೆ, ಹುಳಿಯಾಗಿ, ಮಸಾಲೆ ಮಾಂಸಕ್ಕೇ ಅಂಟಿರುವ ನಮ್ಮ ಪಂದಿ ಕರಿ ಅದಲ್ಲ. ‘ಬುತಾನಿಕು ನೊ ಸುಪಾಯ್ಸುನಿ’, ಅಂದರೆ ಮಸಾಲೆಯಲ್ಲಿ ಬೇಯಿಸಿದ ಹಂದಿಮಾಂಸ, ಎಂದು ಬರೆಸಿ. ಕಡಂಬುಟ್ಟಿಗೆ ‘ದಾಂಗೊ’ (ಅಕ್ಕಿಹಿಟ್ಟಿನ ಉಂಡೆ) ಒಂದೇ ಸಾಲದು, ಅದು ಸಿಹಿತಿಂಡಿಯ ನೆನಪು ತರುತ್ತದೆ. ಮೊದಲು ಕಡಂಬುಟ್ಟು ಎಂಬ ಹೆಸರನ್ನೇ ಕತಾಕಾನಾ ಲಿಪಿಯಲ್ಲಿ (ಜಪಾನಿಯಲ್ಲಿ ಹೊರಗಿನ ಪದಗಳನ್ನು ಬರೆಯುವ ಲಿಪಿ) ಹಾಕಿ, ಕೆಳಗೆ ‘ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೇಯಿಸಿದ್ದು, ಸಿಹಿ ಇಲ್ಲ’ ಎಂಬ ಅರ್ಥದ ಒಂದು ಸಾಲು ಬೇಕು. ಬೈಂಬಳೆಗೆ, ಅಂದರೆ ಬಿದಿರಿನ ಕಳಲೆಗೆ, ‘ತಾಕೆನೊಕೊ’ ಸರಿಯಾಗಿದೆ.

ದರಪಟ್ಟಿಯ ‘ಇಪ್ಪಾಕು ನಿಶೊಕು ತ್ಸುಕಿ’ಯೂ ಸರಿ: ಒಂದು ರಾತ್ರಿ, ಎರಡು ಹೊತ್ತಿನ ಊಟ. ನಮಗೆ ಬೆಳಗಿನದು ತಿಂಡಿ, ಅವರ ಲೆಕ್ಕದಲ್ಲಿ ಅದೂ ಒಂದು ಊಟ. ಫೋನಿನಲ್ಲಿ ಮಾತ್ರ ಜೋಕೆ. ‘ಚೋಶೊಕು’ ಬೆಳಗಿನದು, ‘ಚೂಶೊಕು’ ಮಧ್ಯಾಹ್ನದ್ದು, ಒಂದು ಸ್ವರ ಜಾರಿದರೆ ಹೊತ್ತೇ ಬದಲು. ಮಾತಿಗೆ ಅಸಾಗೊಹಾನ್, ಹಿರುಗೊಹಾನ್, ಬಾನ್‌ಗೊಹಾನ್ ವಾಸಿ.

ಇವರಿಗೆ ಕೆಲಸ ಕೊಡುವಾಗ ಇಂಗ್ಲಿಷ್ ಮೆನು ಕೊಡಬೇಡಿ. ಪ್ರತಿ ಪದಾರ್ಥದ ಹೆಸರು, ಏನು ಹಾಕಿದ್ದು, ಹೇಗೆ ಬೇಯಿಸಿದ್ದು ಎಂದು ಕನ್ನಡದಲ್ಲಿ ಬರೆದುಕೊಡಿ. ಮರುಮುದ್ರಣಕ್ಕೆ ಬೇರೆ ದುಡ್ಡು ಕೇಳುತ್ತಾರೆ, ಜಪಾನಿ ಬಲ್ಲವರಿಗೆ ಕರಡು ತೋರಿಸಿಯೇ ಒಪ್ಪಿಗೆ ಕೊಡಿ. 5ಕ್ಕೆ 2.