ಎಸ್‌ಜಿ ಅರೈವಲ್ ಕಾರ್ಡ್: ಫಾರ್ಮ್ ಸಲೀಸು, ಕಷ್ಟ ಕೊಟ್ಟಿದ್ದು ಅಂಟಿನುಂಡೆ

5ಕ್ಕೆ 4 ಸ್ಟಾರ್. ಮಗಳ ಬಾಣಂತನಕ್ಕೆ ಅಂತ ಸಿಂಗಾಪುರಕ್ಕೆ ಹೊರಟವಳು ನಾನು. ಊರು ಚಿಕ್ಕಮಗಳೂರು, ವಯಸ್ಸು 61. ಯಜಮಾನರ ಜೊತೆ 28 ವರ್ಷ ಮೆಡಿಕಲ್ ಶಾಪ್ ನಡೆಸಿದ್ದೇನೆ. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಫಾರ್ಮಿನ ವಿಷಯ. ವೀಸಾ ಬೇರೆ, ಸಿಂಗಾಪುರಕ್ಕೆ ಬರುವವರು ತಮ್ಮ ವಿವರ ಕೊಡುವ ಈ ಅರೈವಲ್ ಕಾರ್ಡ್ ಬೇರೆ. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅಲ್ಲಿನ ವಲಸೆ ಇಲಾಖೆ ಐಸಿಎ ಇದಕ್ಕೆ ಒಂದು ಪೈಸೆಯೂ ಕೇಳುವುದಿಲ್ಲ. ನನ್ನ ತಂಗಿ ಯಾವುದೋ ಬೇರೆ ಸೈಟಿಗೆ ಹೋಗಿ ಸುಮ್ನೆ ದುಡ್ಡು ಕಳೆದುಕೊಂಡಿದ್ದಳು, ಹುಷಾರು. ನನಗೆ ಹಿಡಿದದ್ದು ಹದಿನೈದು ನಿಮಿಷ. ಅದರಲ್ಲಿ ಐದು ನಿಮಿಷ ಕನ್ನಡಕ ಹುಡುಕಿದ್ದು. ಸರ್‌ನೇಮ್ ಇಲ್ಲದ ನಮ್ಮಂಥವರಿಗೂ ತೊಂದರೆಯಿಲ್ಲ, ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಹಾಗೇ ಬರೆದರೆ ಆಯಿತು. ಕಳಿಸಿದ ಕೂಡಲೇ ಈಮೇಲ್ ಬಂತು.

2016ರಲ್ಲಿ ಮೊದಲ ಸಲ ಹೋದಾಗ ಇದೇ ಕಾರ್ಡನ್ನು ವಿಮಾನದಲ್ಲಿ ಕೊಟ್ಟಿದ್ದರು. ಬಿಳಿ ಚೀಟಿ. ತಿರುಗಿಸಿದರೆ ಕೆಂಪಕ್ಷರ: ಮಾದಕ ವಸ್ತು ಸಾಗಿಸುವವರಿಗೆ ಸಿಂಗಾಪುರದ ಕಾನೂನಿನಲ್ಲಿ ಸಾವು. ಯಜಮಾನರು ಅದನ್ನು ಓದಿ, ಚೀಲದಲ್ಲಿದ್ದ ಹಿಂಗಿನ ಡಬ್ಬಿಯ ಕಡೆ ನೋಡಿ, "ಇದನ್ನ ಕೇಳಿದ್ರೆ ನೀನೇ ಉತ್ತರ ಹೇಳು" ಅಂದಿದ್ದರು. ಈ ಸಲ ಅವರಿಲ್ಲ, ಆ ಚೀಟಿಯೂ ಇಲ್ಲ.

ಆದರೆ ಆ ಕೆಂಪಕ್ಷರ ತಲೆಯಲ್ಲಿ ಕೂತಿತ್ತು ನೋಡಿ. ನಲವತ್ತು ಅಂಟಿನುಂಡೆ ಕಟ್ಟಿ ಡಬ್ಬಿಗೆ ತುಂಬಿದ್ದೆ. ಕೊಬ್ಬರಿ, ಉತ್ತುತ್ತೆ, ಅಂಟು, ಬೆಲ್ಲ, ಜೊತೆಗೆ ಹುರಿದ ಗಸಗಸೆ. ಹೊರಡುವ ಎರಡು ದಿನ ಮುಂಚೆ ಮಗಳ ಫೋನು. "ಅಮ್ಮಾ, ಗಸಗಸೆ ಮಾತ್ರ ತರಬೇಡ. ಇಲ್ಲಿ ನಿಷೇಧ." ಹೌದು, ಅಲ್ಲಿನ ಸೆಂಟ್ರಲ್ ನಾರ್ಕೋಟಿಕ್ಸ್ ಬ್ಯೂರೋ ಗಸಗಸೆಯನ್ನು ನಿಷೇಧಿತ ವಸ್ತು ಅನ್ನುತ್ತದೆ. ಅಫೀಮಿನ ಗಿಡದ್ದೇ ಬೀಜ ಅಲ್ವಾ! ಗಸಗಸೆಗೆ ಯಾರೂ ನೇಣು ಹಾಕುವುದಿಲ್ಲ ಅಂತ ನನಗೂ ಗೊತ್ತು. ಆದರೂ ನಲವತ್ತೂ ಉಂಡೆ ಪಕ್ಕದ ಮನೆಗಳಿಗೆ ಹೋಯಿತು. ರಾತ್ರಿ ಹನ್ನೊಂದರವರೆಗೆ ಕೂತು ಗಸಗಸೆ ಇಲ್ಲದ ಇನ್ನೊಂದು ಡಬ್ಬಿ ಕಟ್ಟಿದೆ.

ಉಳಿದ ಗಸಗಸೆಯನ್ನು ಅಂಗಡಿಯ ಹಳೇ ತಕ್ಕಡಿಯಲ್ಲಿಟ್ಟು 15 ಗ್ರಾಂ ತೂಗಿದೆ. ಸುಮ್ನೆ ಕುತೂಹಲ. ಎರಡು ಟೇಬಲ್ ಚಮಚವೂ ಆಗಲಿಲ್ಲ. ಅಲ್ಲಿ 15 ಗ್ರಾಂ ದಾಟಿದ ಹೆರಾಯಿನ್ ಸಾಗಿಸಿದರೆ ಮರಣದಂಡನೆ. ಅದೂ ಪುಡಿಯ ತೂಕವಲ್ಲ, ಅದರೊಳಗಿನ ಶುದ್ಧ ಹೆರಾಯಿನ್ನಿನ ತೂಕ. ಗಾಂಜಾ ಆದರೆ 500 ಗ್ರಾಂ. ಬರೀ ಸಾಗಿಸಿದವನು ತನಿಖೆಗೆ ನೆರವಾದರೆ ಜೀವಾವಧಿ ಆಗುವ ದಾರಿ 2013ರಿಂದ ಇದೆ.

ಅಳಿಯ ಈ ಕಾನೂನಿನ ಪರ. "ಅತ್ತೆ, ಇಲ್ಲಿ ಹುಡುಗೀರು ಮಧ್ಯರಾತ್ರಿ ಒಬ್ರೇ ಓಡಾಡ್ತಾರೆ, ನೋಡಿ" ಅನ್ನುತ್ತಾರೆ. ನೋಡಿದೆ, ನಿಜ. ಸರ್ಕಾರದ ಲೆಕ್ಕವನ್ನೂ ಹೇಳಿದರು. 1990ರಲ್ಲಿ 1,200 ಗ್ರಾಂಗಿಂತ ಜಾಸ್ತಿ ಅಫೀಮಿಗೆ ಮರಣದಂಡನೆ ತಂದ ಮೇಲೆ, ನಾಲ್ಕು ವರ್ಷದಲ್ಲಿ ಸಾಗಿಸುವ ಅಫೀಮಿನ ಸರಾಸರಿ ತೂಕ 66% ಇಳಿಯಿತಂತೆ. ತಕ್ಕಡಿ ಹಿಡಿದ ಕೈ ನನ್ನದು, ಸುಮ್ಮನಿರಲಾಗಲಿಲ್ಲ. ತೂಕ ಇಳಿಯಿತು ಸರಿ. ಒಬ್ಬನೇ ಹೊರುತ್ತಿದ್ದುದನ್ನು ಮೂವರು ಹಂಚಿಕೊಂಡು ಹೊತ್ತರೂ ಸರಾಸರಿ ಇಳಿಯುತ್ತದಲ್ಲ? ಅಳಿಯ ಚಹಾ ಕುಡಿದು ಎದ್ದರು.

ನಾಗೇಂದ್ರನ್ ಧರ್ಮಲಿಂಗಂ ಅನ್ನುವ ಮಲೇಷ್ಯಾದ ಹುಡುಗನ ಸುದ್ದಿ ಓದಿದ್ದೆ. 2009ರಲ್ಲಿ ಗಡಿಯಲ್ಲಿ ಸಿಕ್ಕಿಬಿದ್ದಾಗ ಇನ್ನೂ ಎಳೆ ವಯಸ್ಸು. ತೊಡೆಗೆ ಕಟ್ಟಿಕೊಂಡಿದ್ದ ಪೊಟ್ಟಣದಲ್ಲಿ 42.72 ಗ್ರಾಂ ಹೆರಾಯಿನ್. ಬುದ್ಧಿಮಟ್ಟದ ಅಂಕ, ಅಂದರೆ ಐಕ್ಯೂ, ಬರೀ 69 ಎಂದು ವಕೀಲರು ವಾದಿಸಿದರೂ 2022ರ ಏಪ್ರಿಲ್ 27ರಂದು ಗಲ್ಲಿಗೇರಿಸಿದರು. ಅವನು ಹುಟ್ಟಿ ಬೆಳೆದ ದೇಶದಲ್ಲೂ ಆಗ ಇದೇ ಶಿಕ್ಷೆ ಕಡ್ಡಾಯವಾಗಿತ್ತು, 2023ರಲ್ಲಷ್ಟೇ ಆ ಕಡ್ಡಾಯ ತೆಗೆದರು. ಅಂದರೆ ಗಡಿಯ ಎರಡೂ ಕಡೆ ಹಗ್ಗ ಇದ್ದರೂ ಕಟ್ಟಿಕೊಂಡು ಬಂದ. ಕಳಿಸಿದವರು ಬಂದಿರಲಿಲ್ಲ.

ನಮ್ಮ ಅಂಗಡಿಗೆ ಕೆಮ್ಮಿನ ಸಿರಪ್ ಕೇಳಿಕೊಂಡು ಹುಡುಗರು ಬರುತ್ತಿದ್ದರು. ಕೊಡೀನ್ ಅನ್ನುವ ಮತ್ತು ಬರಿಸುವ ಔಷಧಿ ಇರುವಂಥದ್ದು. ಕೆಮ್ಮು ಯಾರಿಗೂ ಇರುತ್ತಿರಲಿಲ್ಲ. ಬೈದರೂ ಬರುತ್ತಿದ್ದರು, ಪೊಲೀಸರಿಗೆ ಹೇಳುತ್ತೇನೆ ಅಂದರೂ ನಗುತ್ತಿದ್ದರು. 2014ರಲ್ಲಿ ಇಂಥ ಔಷಧಿಗಳಿಗೆ ಎಚ್1 ಅನ್ನುವ ರಿಜಿಸ್ಟರ್ ಬಂತು. ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಕೊಟ್ಟೆವು, ಎಲ್ಲ ಬರೆಯಬೇಕು. ಪುಸ್ತಕ ತೆಗೆದು ಪೆನ್ನು ಹಿಡಿದು "ಹೆಸರು ಹೇಳಪ್ಪಾ" ಅಂದರೆ ಸಾಕು, ಹುಡುಗ ಮೆಟ್ಟಿಲಿಳಿದು ಹೋಗುತ್ತಿದ್ದ. ಬೇರೆ ಅಂಗಡಿಗೆ ಹೋದನೋ ಏನೋ. ನನ್ನ ಕೌಂಟರಿಗಂತೂ ಬರಲಿಲ್ಲ. ನಾನು ಕಂಡ ಹಾಗೆ, ಹೆಸರು ಸಿಕ್ಕಿಬೀಳುತ್ತದೆ ಅಂತ ಹೆದರಿದಷ್ಟು ಆ ವಯಸ್ಸಿನವರು ಶಿಕ್ಷೆಗೆ ಹೆದರುವುದಿಲ್ಲ. ಸಿಂಗಾಪುರದಲ್ಲಿ ಸಿಕ್ಕಿಬೀಳುವುದೂ ಜಾಸ್ತಿ, ಶಿಕ್ಷೆಯೂ ಜಾಸ್ತಿ. ಯಾವುದರಿಂದ ಎಷ್ಟು ಅಂತ ಅಳಿಯ ಬಿಡಿಸಿ ಹೇಳಲಿ, ಒಪ್ಪುತ್ತೇನೆ. ಹಗ್ಗಕ್ಕೆ ನಿಜವಾಗಿ ಹೆದರಿದವಳು ಅಂದರೆ ಉಂಡೆ ಹಂಚಿದ ನಾನು!

ಸರಿ, ಕಾರ್ಡಿಗೆ ಬರೋಣ. ಚಾಂಗಿ ವಿಮಾನ ನಿಲ್ದಾಣದಲ್ಲಿ ಯಂತ್ರಕ್ಕೆ ಪಾಸ್‌ಪೋರ್ಟ್ ತೋರಿಸಿ, ಮುಖ ತೋರಿಸಿ ಹೊರಗೆ ಬಂದೆ. ಯಾರೂ ಮಾತಾಡಿಸಲಿಲ್ಲ. ಒಂದು ಸ್ಟಾರ್ ಕಳೆದದ್ದು ಇದಕ್ಕೆ: ತಿಂಡಿ, ಔಷಧಿಯಲ್ಲಿ ಏನು ತರಬಾರದು ಅಂತ ಹುಡುಕಲು ಬೇರೆ ಬೇರೆ ಸೈಟು ತಿರುಗಬೇಕು. ನೋವಿನ ಕೆಲವು ಮಾತ್ರೆಗೆ, ನಿದ್ರೆ ಮಾತ್ರೆಗೆ ಅಲ್ಲಿನ ಹೆಲ್ತ್ ಸೈನ್ಸಸ್ ಅಥಾರಿಟಿಯ ಅನುಮತಿ ಮೊದಲೇ ಬೇಕು. ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ.

ಹಿಂಗು ಒಯ್ಯಬಹುದು, ಎರಡು ಕವರ್ ಹಾಕಿ ಕಟ್ಟಿ. ಅಂಟಿನುಂಡೆ ತಿಂದ ಮಗಳು, "ಏನೋ ಕಡಿಮೆ ಆಗಿದೆ ಅಮ್ಮಾ" ಅಂದಳು.