ನಾಲ್ಕು ಗಮೇ ಬಾಟಲಿ, ಒಂದು ಕೋಳಿ ಗಸಿ

ಫ್ರಾನ್ಸಿನ ಲಿಯೋಂನಲ್ಲಿ ಇದ್ದುಕೊಂಡು ಬೋಜೊಲೆ ಬಿಟ್ಟು ಬೇರೆ ತೆಳು ಕೆಂಪು ವೈನ್ ಕೇಳಿದರೆ ಅಂಗಡಿಯವರು ಒಂದು ಸಲ ಮುಖ ನೋಡುತ್ತಾರೆ. ತಪ್ಪಿಲ್ಲ ಬಿಡಿ, ಬೋಜೊಲೆ ಗುಡ್ಡಗಳು ಊರಿಗೆ ಅಷ್ಟು ಹತ್ತಿರ. ಆದರೆ ನನಗೆ ಬೇಕಾಗಿದ್ದು ಹತ್ತು ಯೂರೊ ಆಸುಪಾಸಿನ, ಒಗರು ಕಡಿಮೆ ಇರುವ, ನಮ್ಮ ಅಡುಗೆ ಜೊತೆ ಜಗಳಕ್ಕೆ ನಿಲ್ಲದ ಬಾಟಲಿ. ಖಾರದ ಮೇಲೆ ಗಟ್ಟಿ ವೈನ್ ಕುಡಿದವರಿಗೆ ಗೊತ್ತು, ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ನಾಲಿಗೆ ಇನ್ನೂ ಉರಿಯುತ್ತದೆ, ಒಗರು ಇದ್ದರಂತೂ ಬಾಯೆಲ್ಲ ಒಣಗಿ ಅಡಿಕೆ ಅಗಿದ ಹಾಗೆ.

ಹಾಗಾಗಿ ನಾಲ್ಕು ಬಾಟಲಿ ತಂದೆ. ಕೋತ್ ರೊಆನೇಜ್ (9 ಯೂರೊ, 12% ಆಲ್ಕೋಹಾಲ್), ಕೋತ್ ದ್ಯು ಫೊರೇ (7.50, 12.5%), ಕೋತ್ ದೊವೆರ್ನ್, ಅಂದರೆ ಓವೆರ್ನ್ ಸೀಮೆಯದು (11, 13%). ಅಳತೆಗೋಲಾಗಿ ಒಂದು ಬೋಜೊಲೆ-ವಿಲಾಜ್ (9.50, 13.5%). ನಾಲ್ಕರ ದ್ರಾಕ್ಷಿಯೂ ಗಮೇ, ಓವೆರ್ನ್‌ನದರಲ್ಲಿ ಮಾತ್ರ ಬರ್ಗಂಡಿಯ ಹೆಸರಾಂತ ದ್ರಾಕ್ಷಿ ಪಿನೊ ನ್ವಾರ್ ಸ್ವಲ್ಪ ಸೇರಿತ್ತು. ಗಮೇಗೆ ಮೊದಲಿಂದಲೂ ಮರ್ಯಾದೆ ಕಡಿಮೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ಬಳ್ಳಿಯನ್ನು ಕಿತ್ತು ಹಾಕಿ ಅಂತ ಆಜ್ಞೆಯನ್ನೇ ಹೊರಡಿಸಿದ್ದ. ಪಿನೊಗೆ ಸಿಕ್ಕ ಸಿಂಹಾಸನ ಇದಕ್ಕೆ ಸಿಗಲಿಲ್ಲ, ನಮ್ಮಂಥವರ ಜೇಬಿಗೆ ಅದೇ ಒಳ್ಳೆಯದಾಯಿತು.

ತಂಗಿ ರಜೆಗೆ ಬಂದಿದ್ದಳು. ಬಾಟಲಿಗಳಿಗೆ ಹಳೇ ಪೇಪರ್ ಸುತ್ತಿ, ನಂಬರ್ ಬರೆದು, ಯಾವುದು ಯಾವುದೆಂದು ನನಗೆ ಹೇಳದೆ ಬಗ್ಗಿಸಿ ಕೊಟ್ಟವಳು ಅವಳೇ. (ಕೆಳಗೆ ಬರುವ ಹೆಸರುಗಳು ಪೇಪರ್ ಬಿಚ್ಚಿದ ಮೇಲೆ ಸೇರಿಸಿದ್ದು.)

ಮೊದಲ ಸಂಜೆ ಹಾಳಾಗಿದ್ದು ನನ್ನಿಂದಲೇ. ಜುಲೈ ತಿಂಗಳು, ಮನೆಯೊಳಗೆ 29 ಡಿಗ್ರಿ, 'ಕೆಂಪು ವೈನ್ ಅಂದ್ರೆ ಹೊರಗಿಟ್ಟೇ ಕುಡಿಯೋದು' ಅಂತ ಹಾಗೇ ತೆಗೆದೆ. ನಾಲ್ಕೂ ಒಂದೇ ಥರ ಸಪ್ಪೆ, ಮೂಗಿಗೆ ಬರೀ ಸ್ಪಿರಿಟ್ ಹೊಡೆಯಿತು. ಮುಚ್ಚಿ ಫ್ರಿಜ್ಜಿಗೆ ಹಾಕಿದೆ. ಮರುದಿನ ಹೊರಗೆ ತೆಗೆದು ಇಪ್ಪತ್ತು ನಿಮಿಷ ಬಿಟ್ಟು ಕುಡಿದರೆ ಬೇರೆಯೇ ವೈನ್. ಇಂಥವನ್ನು 13-14 ಡಿಗ್ರಿಯಲ್ಲಿ ಕುಡಿಯಬೇಕು. ಐಸ್‌ನಷ್ಟು ತಣ್ಣಗೂ ಬೇಡ, ಆಗ ವಾಸನೆಯೇ ಏಳುವುದಿಲ್ಲ.

ಎರಡನೇ ನಂಬರಿನದು ಮೂಗಿಗೆ ಹಿಡಿದ ಕೂಡಲೇ ಗೊತ್ತಾಯಿತು. ಬಾಳೆಹಣ್ಣು, ಚಿಕ್ಕಂದಿನ ಕೆಂಪು ಪೆಪ್ಪರಮಿಂಟು. ಗೊನೆ ಬಿಡಿಸದೆ ಇಡೀ ಹಣ್ಣನ್ನೇ ಮುಚ್ಚಿದ ತೊಟ್ಟಿಯಲ್ಲಿ ಹುದುಗಿಸಿದರೆ ಈ ವಾಸನೆ ಬರುತ್ತದೆ, ಬೋಜೊಲೆಯ ಗುರುತು ಅದು. ಮೊದಲ ಲೋಟ ಚೆಂದ. ಎರಡನೆಯದರ ಹೊತ್ತಿಗೆ ಬೇಸಿಗೆ ಜೋರಾಗಿದ್ದ ವರ್ಷದ ಸಿಹಿ ಮತ್ತು ಬಿಸಿ ಎರಡೂ ಗಂಟಲಲ್ಲಿ ನಿಲ್ಲುತ್ತದೆ.

ಫೊರೇದ್ದು (ಕೊನೆಯ ಝಡ್ ನುಂಗಿ ಹೇಳಬೇಕಂತೆ, ನಾನು ಎರಡು ವರ್ಷ 'ಫೊರೆಜ್' ಅಂತಲೇ ಕೇಳುತ್ತಿದ್ದೆ, ಯಾರೂ ತಿದ್ದಲಿಲ್ಲ) ಸ್ವಲ್ಪ ಒರಟು. ಹುಳಿ ಮುಂದೆ, ಹಣ್ಣು ಹಿಂದೆ. ಸುಮ್ನೆ ಕುಡಿಯಲು ಕಷ್ಟ. ಅದೇ ಸೀಮೆಯ ಚೀಸ್ ಫೂರ್ಮ್ ದ ಮೋಂಬ್ರಿಸೋಂ ಒಂದು ತುಂಡು ಜೊತೆಗಿಟ್ಟಾಗ ಆ ಹುಳಿ ಬೆಣ್ಣೆಯ ಜಿಡ್ಡನ್ನು ಕೊಯ್ದು ಹಾಕಿತು. ಏಳೂವರೆ ಯೂರೊಗೆ ಮೋಸ ಇಲ್ಲ.

ಓವೆರ್ನ್‌ನ ಬಾಟಲಿ ತಲೆ ತಿಂದಿತು. ತೆಗೆದಾಗ ಬೆಂಕಿಕಡ್ಡಿ ಗೀರಿದ ವಾಸನೆ, ಕೆಟ್ಟಿದೆ ಅಂತ ಚೆಲ್ಲುವವನಿದ್ದೆ. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಅದು ಹೋಗಿ ಕರಿಮೆಣಸು ಬಂತು, ಊರಲ್ಲಿ ಅಂಗಳದಲ್ಲಿ ಒಣಹಾಕಿದ ಮೆಣಸಿನ ಹತ್ತಿರ ಕೂತ ಹಾಗೆ. ಕ್ಲೆರ್ಮೋಂ-ಫೆರಾಂ ಸುತ್ತಿನ ಆ ತೋಟಗಳಲ್ಲಿ ಹಲವು ಆರಿದ ಜ್ವಾಲಾಮುಖಿಗಳ ಮಣ್ಣಿನ ಮೇಲಿವೆ. ಕರಿ ಕಲ್ಲಿಗೂ ಮೆಣಸಿಗೂ ಸಂಬಂಧ ಕಟ್ಟುವುದು ಮಾರುವವರಿಗೆ ಇಷ್ಟ, ನಾನು ಅಷ್ಟು ದೂರ ಹೋಗಲ್ಲ. ನಾಲ್ಕರಲ್ಲಿ ಯೋಚನೆ ಹಚ್ಚಿದ ವೈನ್ ಮಾತ್ರ ಇದೇ.

ಇನ್ನು ರೊಆನೇಜ್. ಬಣ್ಣ ನೋಡಿದರೆ ಪುನರ್ಪುಳಿ ಶರಬತ್ತು, ಲೋಟದಾಚೆ ಬೆರಳು ಕಾಣುತ್ತದೆ. ಬೋಜೊಲೆ ಗುಡ್ಡಸಾಲಿನ ಆಚೆ ಮಗ್ಗುಲಿಗೆ ಇಳಿದರೆ ಲುವಾರ್ ನದಿ, ರೊಆನ್ ಊರು, ಅದರ ಪಶ್ಚಿಮಕ್ಕೆ ಗ್ರಾನೈಟ್ ಇಳಿಜಾರಿನಲ್ಲಿ ಈ ತೋಟಗಳು. ರೊಆನ್ ಅಂದರೆ ಜನಕ್ಕೆ ನೆನಪಾಗುವುದು ತ್ರುವಾಗ್ರೊ ಹೋಟೆಲು, 1968ರಿಂದ ಮಿಶ್ಲಾಂ (ಮಿಶೆಲಿನ್) ಹೋಟೆಲ್ ಗೈಡಿನ ಮೂರು ನಕ್ಷತ್ರ ಉಳಿಸಿಕೊಂಡಿರುವ ಮನೆತನ, 2017ರಲ್ಲಿ ಪಕ್ಕದ ಊಶ್ ಹಳ್ಳಿಗೆ ಹೋದರು. ವೈನ್‌ಗೆ 1994ರಲ್ಲೇ ಎಒಸಿ, ಅಂದರೆ ಊರಿನ ಹೆಸರಿಗೆ ಸರ್ಕಾರಿ ಮಾನ್ಯತೆ, ಸಿಕ್ಕಿದ್ದರೂ ಅದನ್ನು ಕೇಳುವವರು ಕಡಿಮೆ. ಮೂಗಿಗೆ ಹುಳಿ ಚೆರ್ರಿ, ಒಂಚೂರು ಮೆಣಸು. ಬಾಯಲ್ಲಿ ಒಗರು ಇದೆಯೋ ಇಲ್ಲವೋ ಅನ್ನುವಷ್ಟು. ಬೋಜೊಲೆಯ ಸಿಹಿ ಇಲ್ಲ, ಫೊರೇಯ ಒರಟುತನ ಇಲ್ಲ. ಬರೀ ಕುಡಿದಾಗ ನಾನು ಇದಕ್ಕೆ ಎರಡನೇ ಸ್ಥಾನ ಕೊಟ್ಟಿದ್ದೆ, ಮೊದಲನೆಯದು ಓವೆರ್ನ್‌ಗೆ.

ಊಟಕ್ಕೆ ಕೂತಾಗ ಅದು ತಿರುಗಿತು. ನೀರುದೋಸೆ, ಕೋಳಿ ಗಸಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ನಾಲ್ಕು, ತೆಂಗಿನಕಾಯಿ ಧಾರಾಳ. ಬೋಜೊಲೆಯ 13.5 ಇಲ್ಲಿ ಸಿಕ್ಕಿಬಿತ್ತು, ಎರಡು ತುತ್ತಿಗೆ ಕಿವಿ ಬಿಸಿ. ಓವೆರ್ನ್‌ನ ಮೆಣಸು ಗಸಿಯ ಮೆಣಸಿನಲ್ಲಿ ಕಳೆದೇ ಹೋಯಿತು, ಉಳಿದಿದ್ದು ಒಗರು. ಫೊರೇದ ಹುಳಿಗೆ ಹುಣಸೆಹುಳಿ ಸೇರಿ ಹುಳಿಯೋ ಹುಳಿ. ರೊಆನೇಜ್ ಮಾತ್ರ ನೀರುಮಜ್ಜಿಗೆ ಮಾಡುವ ಕೆಲಸ ಮಾಡಿತು, ತೆಂಗಿನ ಜಿಡ್ಡು ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧ. ನಾನು ಇನ್ನೂ ಅಂಕ ಕೂಡಿಸುತ್ತಾ ಕೂತಿದ್ದೆ. ತಂಗಿ ಹೇಳಿದಳು, "ಅಣ್ಣ, ನಿನ್ನ ಲೆಕ್ಕ ಆಮೇಲೆ ಇಟ್ಕೋ, ಯಾವ ಬಾಟ್ಲಿ ಖಾಲಿ ಆಗಿದೆ ನೋಡು." ಮೂರನೇ ನಂಬರು. ಪೇಪರ್ ಬಿಚ್ಚಿದರೆ ರೊಆನೇಜ್.

ಮುಂದೆ ಕೊಳ್ಳುವುದು: ಮನೆ ಊಟಕ್ಕೆ ರೊಆನೇಜ್, ಎರಡು ಮೂರು ಬಾಟಲಿ ಒಟ್ಟಿಗೆ. ಚೀಸ್ ಇದ್ದ ದಿನ ಫೊರೇ. ಓವೆರ್ನ್ ಒಂದು, ಊಟ ಮುಗಿದ ಮೇಲೆ ಬಾಲ್ಕನಿಯಲ್ಲಿ ಕೂರಲು. ಬೋಜೊಲೆ-ವಿಲಾಜ್ ಈ ಸಲಕ್ಕೆ ಸಾಕು, ತಂಪು ವರ್ಷದ್ದು ಸಿಕ್ಕರೆ ಮತ್ತೆ ನೋಡೋಣ.

ಹುಡುಕುವವರಿಗೆ ಒಂದು ವಿಷಯ. ಬೋಜೊಲೆ ಸಾಲಿನಲ್ಲಿ ನೋಡಬೇಡಿ, ನಾನು ಅಲ್ಲೇ ಹುಡುಕಿ ವಾರಗಟ್ಟಲೆ ಇಲ್ಲ ಅಂದುಕೊಂಡಿದ್ದೆ. ರೊಆನೇಜ್, ಫೊರೇ, ಓವೆರ್ನ್ ಮೂರೂ ಲೆಕ್ಕಕ್ಕೆ ಲುವಾರ್ ವೈನುಗಳು. ಅಂಗಡಿಯಲ್ಲಿ ಸಾನ್ಸೆರ್, ಶಿನೋಂ ಥರದ ಹೆಸರಾದ ಲುವಾರ್ ವೈನ್ ಇಟ್ಟಿರುವ ಕಪಾಟಿಗೆ ಹೋಗಿ ಬಗ್ಗಿ ನೋಡಿ, ಸಾಮಾನ್ಯವಾಗಿ ಕೆಳಗಿನ ಹಲಗೆಯ ಮೇಲೆ ಧೂಳು ಹಿಡಿದು ಕೂತಿರುತ್ತವೆ.