ಶೋರೂಮೋ ಮೂಲೆ ಗ್ಯಾರೇಜೋ, ಸ್ಪ್ರೇನೋ ಹೊಗೆಸೊಪ್ಪೋ: ಡೀಸೆಲ್ ಎಸ್‌ಯುವಿ ಒಂದನ್ನ ಸಾಕಿದ ಲೆಕ್ಕ

ಹೋದ ವರ್ಷ ಜುಲೈನಲ್ಲಿ ಊರಿಂದ ವಾಪಸ್ ಬರ್ತಾ ತರೀಕೆರೆ ಹತ್ರ ಮೀಟರಲ್ಲಿ ಎಬಿಎಸ್ ಲೈಟ್ ಹತ್ಕೊಳ್ತು. ಮುಂದಿನ ಲಾರಿ ಗ್ಲಾಸ್ ತುಂಬ ಕೆಸರು ಎರಚಿತ್ತು, ನೀರು ಬಿಡೋಣ ಅಂತ ಎಳೆದ್ರೆ ಮೋಟಾರ್ ಗುರ್ ಅನ್ನುತ್ತೆ, ನೀರು ಮಾತ್ರ ಬರ್ತಿಲ್ಲ. ಎಬಿಎಸ್ ಇಲ್ದಿದ್ರೂ ಬ್ರೇಕ್ ಹಿಡಿಯುತ್ತೆ, ಒದ್ದೆ ರಸ್ತೇಲಿ ಜೋರಾಗಿ ಒತ್ತಿದ್ರೆ ಚಕ್ರ ಲಾಕ್ ಆಗ್ಬಹುದು ಅಷ್ಟೇ, ಅದಕ್ಕೆ ನಿಧಾನಕ್ಕೆ ಕಡೂರಿನವರೆಗೂ ಬಂದು ಕಾಫಿಗೆ ನಿಲ್ಸಿ ಬಾನೆಟ್ ಎತ್ತಿದೆ. ಒಳಗೆ ಅರ್ಧ ಕಡಿದ ಹಲಸಿನ ಬೀಜ, ತೆಂಗಿನ ನಾರು, ಬಾನೆಟ್ ಕೆಳಗಿನ ಹೊದಿಕೆ ಕಿತ್ತು ಹಿಂಜಿ ಮಾಡಿದ ಹಾಸಿಗೆ. ನಾವು ಐದು ದಿನ ಊರಲ್ಲಿದ್ವಲ್ಲ, ಅಷ್ಟರಲ್ಲಿ ಇಲಿ ಸಂಸಾರ ಹೂಡಿತ್ತು.

ಗಾಡಿ 2021ರದ್ದು, 1.5 ಲೀಟರ್ ಡೀಸೆಲ್, ಬಿಎಸ್ 6 (ಅಂದ್ರೆ ಹೊಸ ಹೊಗೆ ನಿಯಮದ್ದು), ಮ್ಯಾನ್ಯುಯಲ್ ಗೇರ್, ಈಗ 68,000 ಕಿ.ಮೀ. ಆಗಿದೆ. ಕಂಪನಿ ಹೆಸರು ಬೇಡ, ಈ ಸೈಜಿನ ಎಲ್ಲಾ ಗಾಡಿಗಳ ಹಣೆಬರಹಾನೂ ಹೆಚ್ಚುಕಮ್ಮಿ ಇಷ್ಟೇ. ಮನೆ ರಾಜಾಜಿನಗರ, ಆಫೀಸು 6 ಕಿ.ಮೀ., ತಿಂಗಳಿಗೊಂದ್ಸಲ ತೀರ್ಥಹಳ್ಳಿ ಕಡೆ ಊರಿಗೆ. ಅಂದ್ರೆ ಗಾಡಿಗೆ ಎರಡೂ ಕಷ್ಟ, ಸಿಟಿ ಟ್ರಾಫಿಕ್ಕೂ ಉಂಟು, ಮಲೆನಾಡಿನ ಮಳೇನೂ ಉಂಟು. ವಾರಂಟಿ ಮೂರು ವರ್ಷ ಮುಗಿದ ಮೇಲೆ ನಾನು ಹೆಚ್ಚುಕಡಿಮೆ ಎಲ್ಲಾನೂ ಎರಡೆರಡು ಥರ ಮಾಡಿಸಿ ನೋಡಿದೀನಿ, ಕೆಲವು ಬೇಕಂತಲೇ, ಕೆಲವು ಪೆಟ್ಟು ತಿಂದು.

ಮೊದಲು ಆ ಇಲಿ ಕಡಿದ ವೈರ್ ಕಥೆ ಮುಗಿಸ್ತೀನಿ. ಸರ್ವಿಸ್ ಸೆಂಟರಲ್ಲಿ ನೋಡಿ, ಚಕ್ರದ ಸ್ಪೀಡ್ ಸೆನ್ಸರ್ ವೈರ್ ಕಡಿದಿದೆ, ವಾಷರ್ ಪೈಪ್ ಕಡಿದಿದೆ, ಇನ್ನೂ ಎರಡು ಕಡೆ ಸಿಪ್ಪೆ ಸುಲಿದಿದೆ, ನಾವು ಜಾಯಿಂಟ್ ಹಾಕಲ್ಲ ಸಾರ್, ಹಾರ್ನೆಸ್ (ವೈರ್‌ಗಳ ಇಡೀ ಕಟ್ಟು) ಪೂರ್ತಿ ಬದಲಾಯಿಸ್ಬೇಕು ಅಂದ್ರು. ಎಸ್ಟಿಮೇಟ್ 38,000 ಚಿಲ್ಲರೆ, ಅದೂ ಪಾರ್ಟ್ ಬರೋಕೆ ಎರಡು ವಾರ. ಅದೇ ಕಾಗದ ಹಿಡ್ಕೊಂಡು ನಮ್ಮ ಏರಿಯಾದ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದೆ, ಆತ ಕಾಗದ ನೋಡ್ಲೇ ಇಲ್ಲ, ಟಾರ್ಚ್ ಹಿಡ್ಕೊಂಡು ಇಪ್ಪತ್ತು ನಿಮಿಷ ಹುಡುಕಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ ಕೂರಿಸಿ, ಪೈಪ್‌ನೂ ಬದಲಾಯಿಸಿ 900 ರೂಪಾಯಿ ಅಂದ. ಒಂದು ವರ್ಷ ಆಯ್ತು, ಒಂದು ಮಳೆಗಾಲ ದಾಟ್ತು, ಲೈಟ್ ಮತ್ತೆ ಬಂದಿಲ್ಲ. ಆದ್ರೆ ಆತನೇ ಒಂದು ಮಾತು ಹೇಳಿದ, ಹಳದಿ ಕವರಿನ ವೈರ್ ಏನಾದ್ರೂ ಕಡಿದಿದ್ರೆ ನಾನು ಮುಟ್ತಿರ್ಲಿಲ್ಲ ಸಾರ್, ಅದು ಏರ್‌ಬ್ಯಾಗ್‌ದು, ಅದಕ್ಕೆ ನೀವು ಕಂಪನಿಗೇ ಹೋಗ್ಬೇಕು ಅಂತ. ಕೆಲಸ ಗೊತ್ತಿರೋನು ಯಾವ್ದು ಮಾಡಲ್ಲ ಅಂತಾನೂ ಹೇಳ್ತಾನೆ ನೋಡಿ, ಅವತ್ತಿಂದ ವೈರಿಂಗ್ ಏನಿದ್ರೂ ಅವನ ಹತ್ರಾನೇ.

ಇದನ್ನ ನೋಡಿ ಹಾಗಾದ್ರೆ ಎಲ್ಲಾನೂ ಹೊರಗಡೆನೇ ಮಾಡ್ಸೋದು ಅಂತ ನಾನೂ ಅನ್ಕೊಂಡೆ, ಅಲ್ಲೇ ಎಡವಿದ್ದು.

ವರ್ಷದ ಸರ್ವಿಸ್ ವಿಷಯಕ್ಕೆ ಬರೋಣ. ಸರ್ವಿಸ್ ಸೆಂಟರ್ ಬಿಲ್ಲು ಮೊದ್ಲು ಕೊಟ್ಟಾಗ 11,800 ಇತ್ತು. ಓದ್ತಾ ಹೋದ್ರೆ ಎಂಜಿನ್ ಡ್ರೆಸ್ಸಿಂಗ್, ಇಂಟೀರಿಯರ್ ಟ್ರೀಟ್‌ಮೆಂಟ್, ಎಸಿ ಕ್ಲೀನಿಂಗ್, ಇಲಿ ಸ್ಪ್ರೇ, ಅದೂ ಇದೂ. ಗಾಡಿ ಒಳಗೆ ಬಿಡೋವಾಗ್ಲೇ ಜಾಬ್ ಕಾರ್ಡಲ್ಲಿ ಎಣ್ಣೆ, ಮೂರು ಫಿಲ್ಟರ್, ಬ್ರೇಕ್ ಕ್ಲೀನಿಂಗ್ ಇಷ್ಟು ಬಿಟ್ಟು ಬೇರೆ ಏನೂ ಬೇಡ ಅಂತ ಬರೆಸಿ ಸೈನ್ ಹಾಕಿದ್ರೆ ಅದೇ ಬಿಲ್ಲು 7,200ಕ್ಕೆ ಇಳಿಯುತ್ತೆ. ಅಲ್ಲಿನ ಸರ್ವಿಸ್ ಅಡ್ವೈಸರ್ ಮುಖ ಸ್ವಲ್ಪ ಬಾಡುತ್ತೆ, ಇರ್ಲಿ. ಮುಂದಿನ ವರ್ಷ ಮೂಲೆ ಗ್ಯಾರೇಜಲ್ಲಿ ಮಾಡಿಸ್ದೆ, ಎಲ್ಲಾ ಸೇರಿ 4,600. ಖುಷಿಯಾಗಿ ಮನೆಗೆ ಬಂದು ಡಿಕ್ಕಿಯಲ್ಲಿ ಉಳಿದಿದ್ದ ಎಣ್ಣೆ ಡಬ್ಬ ನೋಡಿದ್ರೆ 15ಡಬ್ಲ್ಯೂ-40, ಹಳೇ ಟ್ಯಾಕ್ಸಿ, ಟೆಂಪೋಗೆಲ್ಲ ಹಾಕೋದು. ಮೇಸ್ತ್ರೀನ ಕೇಳಿದ್ರೆ ದಪ್ಪ ಎಣ್ಣೆ ಎಂಜಿನ್‌ಗೆ ಒಳ್ಳೇದು ಸಾರ್ ಅಂದ. ಹಳೇ ಡೀಸೆಲ್‌ಗಳಿಗೆ ಆ ಮಾತು ನಡೀತಿತ್ತು. ಬಿಎಸ್ 6 ಡೀಸೆಲ್‌ನ ಸೈಲೆನ್ಸರ್ ದಾರೀಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಹೊಗೆಯ ಮಸಿ ಅಲ್ಲಿ ಕೂತು ಆಮೇಲೆ ಬಿಸಿಗೆ ಉರಿದು ಹೋಗುತ್ತೆ. ಎಣ್ಣೆಯಿಂದ ಬರೋ ಬೂದಿ ಮಾತ್ರ ಉರಿಯಲ್ಲ, ಅದು ಅಲ್ಲೇ ಗಟ್ಟಿಯಾಗಿ ಕೂರುತ್ತೆ. ಅದಕ್ಕೇ ಕಮ್ಮಿ ಬೂದಿಯ ಎಣ್ಣೆ ಅಂತ ಬೇರೆ ಗ್ರೇಡ್ ಇರೋದು, ನಮ್ಮದಕ್ಕೆ 5ಡಬ್ಲ್ಯೂ-30, ಡಬ್ಬದ ಹಿಂದೆ ಎಸಿಇಎ (ACEA) ಅಂತ ಇದ್ದು ಅದರ ಮುಂದೆ ಸಿ ಅಕ್ಷರದ ಗ್ರೇಡ್ ಬರೆದಿರ್ಬೇಕು, ಮ್ಯಾನ್ಯುಯಲ್ ಪುಸ್ತಕದಲ್ಲಿ ಚೆನ್ನಾಗೇ ಹಾಕಿದಾರೆ, ಆ ಪುಸ್ತಕ ನಾನು ಗ್ಲೋವ್ ಬಾಕ್ಸಲ್ಲಿ ಕವರ್ ಕೂಡ ತೆಗೀದೆ ಇಟ್ಟಿದ್ದೆ. 1,500 ಕಿ.ಮೀ.ಗೆ ಎಣ್ಣೆ ಬಸಿದು ಮತ್ತೆ ಹೊಸದು ಹಾಕಿಸ್ದೆ, ಉಳಿಸಿದ ದುಡ್ಡು ಹೋಯ್ತು, ಮೇಲೆ ಒಂದು ಸಾವಿರವೂ ಹೋಯ್ತು.

ಈಗ ಮಾಡೋದು ಮೂರನೇ ದಾರಿ. ಸ್ಪೇರ್ ಪಾರ್ಟ್ ಅಂಗಡಿಗಳಿರೋ ಜೆ.ಸಿ. ರೋಡಿಗೆ ಹೋಗಿ ಪಾರ್ಟ್ ನಂಬರ್ ಹೇಳಿ ಫಿಲ್ಟರ್ ತಗೋತೀನಿ, ಎಣ್ಣೆ ಸೀಲ್ ನೋಡಿ ತಗೋತೀನಿ, ಬಿಲ್ ಇಸ್ಕೋತೀನಿ, ಅದೇ ಮೇಸ್ತ್ರಿ ಹತ್ರ ಕೂಲಿ ಮಾತ್ರ 800 ಕೊಟ್ಟು ಎದುರಿಗೆ ನಿಂತು ಹಾಕಿಸ್ತೀನಿ. ಎಲ್ಲಾ ಸೇರಿ 5,400 ಹತ್ರ ಬೀಳುತ್ತೆ. ಒಂದು ಶನಿವಾರ ಪೂರ್ತಿ ಹೋಗುತ್ತೆ ಅನ್ನೋದೂ ಲೆಕ್ಕಕ್ಕೆ ಹಾಕ್ಬೇಕು. ವಾರಂಟಿ ಇರೋರು ಈ ಸಾಹಸಕ್ಕೆ ಹೋಗ್ಬೇಡಿ, ಶೋರೂಮಲ್ಲೇ ಮಾಡಿಸಿ, ಬಿಲ್ಲಲ್ಲಿ ಬೇಡದ್ದು ಹೊಡೆದು ಹಾಕ್ಸಿ, ಅಷ್ಟೇ.

ಡಿಪಿಎಫ್ ಮಾತು ಬಂತಲ್ಲ, ಅದರ ಲೈಟ್ ನಮಗೆ ಎರಡು ಸಲ ಬಂದಿದೆ, ಎರಡು ಸಲಾನೂ ಊರಿಗೆ ಹೋಗದೆ ಒಂದೂವರೆ ತಿಂಗಳು ಬರೀ ಆಫೀಸಿಗೆ ಓಡಿಸಿದ್ದಾಗ. 6 ಕಿ.ಮೀ.ಗೆ ನಲವತ್ತು ನಿಮಿಷ ಅಂದ್ರೆ ಆ ಫಿಲ್ಟರ್ ಬಿಸಿಯಾಗೋದು ಯಾವಾಗ. ಮೊದಲನೇ ಸಲ ಹೆದರಿ ಸರ್ವಿಸ್ ಸೆಂಟರ್‌ಗೆ ಓಡಿದೆ, ಸ್ಕ್ಯಾನರ್ ಸಿಕ್ಕಿಸಿ ನಿಂತಲ್ಲೇ ಎಂಜಿನ್ ರೇಸ್ ಮಾಡಿ ಮಸಿ ಸುಟ್ಟರು, 1,800 ರೂಪಾಯಿ, ಅರ್ಧ ದಿನ ರಜೆ. ಎರಡನೇ ಸಲ ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ತುಮಕೂರು ಹೈವೇ ಹಿಡಿದೆ, ನೆಲಮಂಗಲ ದಾಟಿದ್ಮೇಲೆ ನಾಲ್ಕನೇ ಗೇರಲ್ಲಿ 2,000 ಆರ್‌ಪಿಎಂ ಮೇಲೇ ಇಟ್ಕೊಂಡು ಒಂದೇ ಸಮ ಹೋದ್ರೆ ದಾಬಸ್‌ಪೇಟೆ ಬರೋ ಹೊತ್ತಿಗೆ ಲೈಟ್ ಹೋಯ್ತು. ಅಲ್ಲಿವರೆಗೂ ಬಂದಿದ್ದೀವಲ್ಲ ಅಂತ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದ್ವಿ, ಡೀಸೆಲ್ಲು ಇಡ್ಲಿ ಎಲ್ಲಾ ಸೇರಿ ಸ್ಕ್ಯಾನರ್‌ಗಿಂತ ಕಮ್ಮಿ, ಮಕ್ಕಳಿಗೂ ಖುಷಿ. ಒಂದು ಗಮನದಲ್ಲಿರ್ಲಿ, ಮನೆ ಮುಂದೆ ನಿಲ್ಸಿದಾಗ ಐಡಲ್ (ನಿಂತಲ್ಲೇ ಎಂಜಿನ್ ತಿರುಗೋ ವೇಗ) ಸ್ವಲ್ಪ ಜಾಸ್ತಿ ಇದ್ದು, ಫ್ಯಾನ್ ಜೋರಾಗಿ ತಿರುಗ್ತಾ, ಬಿಸಿ ವಾಸನೆ ಬರ್ತಿದ್ರೆ ಮಸಿ ಸುಡೋ ಕೆಲಸ ನಡೀತಿದೆ ಅಂತ, ಆಗ ಕೀ ತೆಗೀಬೇಡಿ, ಇನ್ನೊಂದು ರೌಂಡ್ ಹೊಡ್ಕೊಂಡು ಬನ್ನಿ. ಲೈಟ್ ಮಿನುಗ್ತಾ ಇದ್ರೆ, ಇಲ್ಲಾ ಜೊತೆಗೆ ಎಂಜಿನ್ ಲೈಟೂ ಬಂದ್ರೆ ಇಡ್ಲಿ ಉಪಾಯ ನಡೆಯಲ್ಲ, ಸೀದಾ ಸ್ಕ್ಯಾನರ್‌ಗೇ ಹೋಗ್ಬೇಕು.

ಪಂಕ್ಚರ್. ಹೊರಗಿಂದ ತೂತಿಗೆ ಅಂಟು ರಬ್ಬರ್ ಸ್ಟ್ರಿಪ್ ತುರುಕ್ಸೋದಾ, ಒಳಗಿಂದ ಅಣಬೆ ಆಕಾರದ ಮಶ್ರೂಮ್ ಪ್ಯಾಚಾ ಅಂತ ನಮ್ಮ ಆಫೀಸಲ್ಲಿ ಎರಡು ಪಕ್ಷಾನೇ ಇದೆ. ನನ್ನ ಒಂದೇ ಟೈರಲ್ಲಿ ಎರಡೂ ಇದ್ವು. ಸ್ಟ್ರಿಪ್ಪು ತಿಪಟೂರಲ್ಲಿ ರಾತ್ರಿ ಒಂಬತ್ತಕ್ಕೆ ಹಾಕಿಸಿದ್ದು, ಚಕ್ರ ಬಿಚ್ಚೋ ಹಂಗೂ ಇಲ್ಲ, ಹತ್ತು ನಿಮಿಷ, 150 ರೂಪಾಯಿ, ಆ ಪುಣ್ಯಾತ್ಮ ಅಂಗಡಿ ಬಾಗಿಲು ಹಾಕ್ತಿದ್ದೋನು ನಿಂತು ಹಾಕಿಕೊಟ್ಟ. ನಾಲ್ಕು ತಿಂಗಳಾದ್ಮೇಲೆ ಅದೇ ಜಾಗದಿಂದ ವಾರಕ್ಕೆ ನಾಲ್ಕು ಪಿಎಸ್‌ಐ ಗಾಳಿ ಇಳಿಯೋಕೆ ಶುರುವಾಯ್ತು. ಸ್ಟ್ರಿಪ್ ಹಾಕೋಕೆ ಮುಂಚೆ ಅರ ಥರದ್ದು ಚುಚ್ಚಿ ತೂತು ದೊಡ್ಡದು ಮಾಡ್ತಾರಲ್ಲ, ಸಣ್ಣ ಮೊಳೆ ತೂತಿಗೂ ಅದೇ ಗತಿ. ಮಶ್ರೂಮ್‌ಗೆ ಟೈರನ್ನ ರಿಮ್ಮಿಂದ ಬಿಚ್ಚಿ ಒಳಗೆ ಉಜ್ಜಿ ಅಂಟಿಸ್ತಾರೆ, 450 ಆಯ್ತು, ಬ್ಯಾಲೆನ್ಸಿಂಗ್ ಬೇರೆ, ಅದು 22,000 ಕಿ.ಮೀ. ಓಡಿ ಟೈರೇ ಸವೆದು ಹೋಗೋವರೆಗೂ ಅಲುಗಾಡ್ಲಿಲ್ಲ. ಹಾಗಂತ ತಿಪಟೂರಲ್ಲಿ ರಾತ್ರಿ ಮಶ್ರೂಮೇ ಬೇಕು ಅಂತ ಹಟ ಹಿಡಿಯೋಕಾಗುತ್ತಾ. ಟೈರಿನ ಪಕ್ಕದ ಗೋಡೆಗೆ ಚುಚ್ಚಿದ್ರೆ ಎರಡೂ ಬೇಡ, ಟೈರೇ ಬದಲಾಯಿಸಿ.

ಇನ್ನೊಂದು, ಪಂಕ್ಚರ್ ಅಂಗಡೀಲಿ ಫೋನ್ ನೋಡ್ತಾ ಕೂರ್ಬೇಡಿ. ಒಂದ್ಸಲ ಒಂದು ಹೈವೇ ಬದಿ ಅಂಗಡೀಲಿ ನಾನು ಟೀ ಕುಡ್ದು ಬರೋಷ್ಟರಲ್ಲಿ ಒಂದು ಮೊಳೆಗೆ ನಾಲ್ಕು ಪಂಕ್ಚರ್ ಆಗಿತ್ತು. ಈಗ ಸೋಪಿನ ನೀರು ಹಚ್ಚಿ ಗುಳ್ಳೆ ಬರೋದನ್ನ ನಾನೇ ಕಣ್ಣಾರೆ ನೋಡ್ತೀನಿ. ಎಷ್ಟೋ ಸಲ ಮೊಳೆ ಮೇಲ್ಮೇಲೆ ಸಿಕ್ಕಿರುತ್ತೆ, ಗಾಳಿ ಹೋಗಿರೋದೇ ಇಲ್ಲ.

ನೈಟ್ರೋಜನ್ ಒಂದು ವರ್ಷ, ಮಾಮೂಲಿ ಗಾಳಿ ಒಂದು ವರ್ಷ ಹಾಕಿಸಿ ನೋಡ್ದೆ, ನಂಗಂತೂ ವ್ಯತ್ಯಾಸ ಕಾಣ್ಲಿಲ್ಲ. ಮಾಮೂಲಿ ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆಯಲ್ಲ, ಉಳಿದಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡ್ಲಿ. ಅದೇ ದುಡ್ಡಿಗೆ 12 ವೋಲ್ಟಿನ ಸಣ್ಣ ಪಂಪ್ ತಗೊಂಡೆ, ಹದಿನೈದು ದಿನಕ್ಕೊಂದ್ಸಲ ಬೆಳಿಗ್ಗೆ ಗಾಡಿ ತಣ್ಣಗಿರೋವಾಗ ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಲ್ಲಿರೋ ಅಳತೆ ನೋಡ್ಕೊಂಡು ಗಾಳಿ ಹಿಡಿತೀನಿ. ಬಂಕಿನ ಮೀಟರು, ನನ್ನ ಮೀಟರು ಯಾವತ್ತೂ ಒಂದೇ ತೋರ್ಸಿಲ್ಲ ಅನ್ನೋದು ಬೇರೆ ಮಾತು.

ಎಸಿ ಫಿಲ್ಟರ್ ಬಗ್ಗೆ ಹೋಲಿಕೆನೇ ಬೇಡ, ಗ್ಲೋವ್ ಬಾಕ್ಸ್ ಬಿಚ್ಚಿ ಎಳೆದ್ರೆ ಬರುತ್ತೆ, ಐದು ನಿಮಿಷದ ಕೆಲಸ, ನನ್ನ ಹತ್ತು ವರ್ಷದ ಮಗಳು ಮಾಡ್ತಾಳೆ. ಫೋಮ್ ವಾಶ್ 500 ಕೊಟ್ಟು ಮಾಡಿಸೋದು ಊರಿಂದ ಬಂದಾಗ ಮಾತ್ರ, ಚಕ್ರದ ಗೂಡಲ್ಲಿ ಹಿಡಿದ ಆ ಕೆಂಪು ಮಣ್ಣು ಮಗ್ಗಿನ ನೀರಿಗೆ ಜಗ್ಗಲ್ಲ. ರೇಡಿಯೇಟರ್ ಮುಂದೆ ಮಾತ್ರ ಪ್ರೆಶರ್ ಪೈಪ್ ಹತ್ರ ಹಿಡೀಬೇಡ ಅಂತ ಹೇಳಿ, ಆ ತೆಳು ರೆಕ್ಕೆಗಳು ಬಗ್ಗಿ ಹೋಗ್ತಾವೆ.

ಈಗ ಇಲಿ. ಕಂಪನಿ ಸ್ಪ್ರೇ, ಹೊಗೆಸೊಪ್ಪು, ನುಸಿಗುಳಿಗೆ, ಸದ್ದು ಮಾಡೋ ಮಿಷನ್ನು, ಜಾಲರಿ, ಅಪ್ಪಯ್ಯನ ಉಪಾಯ ಇಷ್ಟನ್ನೂ ನೋಡಿದ್ದಾಯ್ತು.

ಸ್ಪ್ರೇ ಬೆಂಗಳೂರಿನ ಬೇಸ್‌ಮೆಂಟಲ್ಲಿ ಹದಿನೈದು ಇಪ್ಪತ್ತು ದಿನ ಪರವಾಗಿಲ್ಲ, ಆದ್ರೆ ಒಂದು ಆಗುಂಬೆ ಮಳೆ ಬಿದ್ರೆ ಅವತ್ತಿಗೇ ತೊಳೆದು ಹೋಯ್ತು. ಹೊಗೆಸೊಪ್ಪನ್ನ ಬಟ್ಟೇಲಿ ಗಂಟು ಕಟ್ಟಿ ಬ್ಯಾಟರಿ ಪಕ್ಕ ಇಟ್ಟಿದ್ದೆ, ಬೇಸಿಗೇಲಿ ನಿಜವಾಗ್ಲೂ ಕೆಲಸ ಮಾಡುತ್ತೆ, ಮಳೆಗಾಲದಲ್ಲಿ ಬೂಸ್ಟು ಹಿಡಿದು ಎಸಿ ಹಾಕಿದ್ರೆ ಗಾಡಿ ತುಂಬ ಅಜ್ಜನ ಎಲೆ ಅಡಿಕೆ ಚೀಲದ ವಾಸನೆ, ನಮ್ಮನೆಯವಳು ಒಂದೋ ಆ ಗಂಟು ಇರ್ಬೇಕು ಇಲ್ಲಾ ನಾನು ಅಂದ್ಲು. ನುಸಿಗುಳಿಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ, ಎಸಿ ಗಾಳಿ ಎಳ್ಕೊಳ್ಳೋ ದಾರಿ ಗ್ಲಾಸಿನ ಬುಡದಲ್ಲೇ ಇರೋದ್ರಿಂದ ಆ ಘಾಟು ಪೂರ್ತಿ ಒಳಗೆ ಬಂದು ತಲೆ ಸಿಡಿತ, ಮಕ್ಕಳಿರೋ ಗಾಡಿಗಂತೂ ಬೇಡ್ವೇ ಬೇಡ. ಸದ್ದಿನ ಮಿಷನ್ನು ಬ್ಯಾಟರಿಗೆ ಜೋಡಿಸೋದು, ಮನುಷ್ಯರ ಕಿವಿಗೆ ಕೇಳಲ್ವಂತೆ, ಇಲಿ ಓಡುತ್ತಂತೆ, ನೀಲಿ ಲೈಟು ಬೇರೆ ಮಿಣಿಮಿಣಿ. ಊರಲ್ಲಿ ಹನ್ನೆರಡು ದಿನ ನಿಲ್ಸಿದ್ದೆ, ವಾಪಸ್ ಹೊರಡೋ ದಿನ ಗಾಡಿ ಸ್ಟಾರ್ಟೇ ಆಗ್ಲಿಲ್ಲ, ಬ್ಯಾಟರಿ ಖಾಲಿ, ಪಕ್ಕದ ಮನೆ ಪಿಕಪ್ಪಿಂದ ಜಂಪ್ ಕೊಡಿಸ್ಬೇಕಾಯ್ತು. ಬಾನೆಟ್ ತೆಗೆದ್ರೆ ಮಿಷನ್ ಮೇಲೇ ಇಲಿ ಹಿಕ್ಕೆ.

ಜಾಲರಿ ಮಾತ್ರ ದುಡ್ಡು ಕೊಟ್ಟಿದ್ದಕ್ಕೆ ಮೋಸ ಇಲ್ಲ. ಕಾಲಿಂಚಿನ ತೂತಿನ ಜಿಐ (ಸತು ಲೇಪದ ಕಬ್ಬಿಣದ) ಮೆಶ್ ಹಾರ್ಡ್‌ವೇರ್ ಅಂಗಡೀಲಿ ತಂದು ಎಸಿ ಗಾಳಿ ದಾರಿಗೆ ಕತ್ತರಿಸಿ ಕೂರಿಸಿದ್ವಿ, ಅವತ್ತಿಂದ ಫಿಲ್ಟರಲ್ಲಿ ಗೂಡು ಕಟ್ಟಿಲ್ಲ. ಎಂಜಿನ್ ಜಾಗಕ್ಕೆ ಮಾತ್ರ ಕೆಳಗಿಂದ ನೂರು ದಾರಿ, ಅದಕ್ಕೆಲ್ಲ ಮೆಶ್ ಹಾಕೋಕಾಗಲ್ಲ.

ಅಪ್ಪಯ್ಯ ಇಷ್ಟೂ ದಿನ ಜಗಲಿ ಮೇಲೆ ಕೂತು ನೋಡ್ತಿದ್ರು. ಕಡೆಗೆ, ಇಲಿಗೆ ಬೇಕಾಗಿರೋದು ಕತ್ತಲೆ ಮತ್ತೆ ಬೆಚ್ಚಗಿನ ಜಾಗ ಕಣೋ, ಅವೆರಡನ್ನೂ ನೀನೇ ಸೌದೆ ಕೊಟ್ಟಿಗೆ ಪಕ್ಕ ತಂದು ನಿಲ್ಸಿ ಕೊಡ್ತಿದ್ದೀಯ ಅಂದ್ರು. ಅವರ ಲೆಕ್ಕದಲ್ಲಿ ಗಾಡಿ ಕೊಟ್ಟಿಗೆಯಿಂದ ದೂರ ಅಂಗಳದ ಶೀಟ್ ಕೆಳಗೆ ನಿಲ್ಸೋದು, ರಾತ್ರಿ ಬಾನೆಟ್ ಎತ್ತಿ ಇಡೋದು, ಮೇಲೊಂದು ಸಣ್ಣ ಎಲ್‌ಇಡಿ ಬಲ್ಬ್. ಜೊತೆಗೆ ಬೆಕ್ಕನ್ನೂ ಬಿಟ್ಟಿದ್ರು, ಅದು ಇಲಿ ಹಿಡಿಯೋದು ಬಿಟ್ಟು ಬಿಸಿ ಬಾನೆಟ್ ಮೇಲೆ ಮಲಗಿ ಪೇಂಟಿಗೆ ಗೀರು ಹಾಕ್ತು, ಹಾಗಾಗಿ ಬೆಕ್ಕಿಗೆ ರಿಟೈರ್‌ಮೆಂಟ್. ಉಳಿದಿದ್ದು ಎಂಟು ತಿಂಗಳಿಂದ ನಡೀತಿದೆ, ಒಂದು ವೈರ್ ಕಡಿದಿಲ್ಲ, ಖರ್ಚು ಒಂದು ಬಲ್ಬ್. ತೊಂದ್ರೆ ಒಂದೇ, ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋಗೋರೆಲ್ಲ ಬಾನೆಟ್ ತೆಗೆದಿರೋದು ನೋಡಿ, ಓ ಬೆಂಗಳೂರಿನೋರ ಗಾಡಿ ಮತ್ತೆ ಕೆಟ್ಟು ನಿಂತಿದೆ ಮಾರಾಯ್ರೆ ಅಂತ ಮಾತಾಡ್ಕೊಂಡು ಹೋಗ್ತಾರೆ.